ಕಾಡು ಬೇಕೋ, ಕೂಲಿ ಬೇಕೋ?

ಮಲೆನಾಡಿನ ದುಡಿಯುವ ಜನರನ್ನು ಹೀಗೆ ಕೇಳುವ ಚಾಳಿ ಇಂದಿನದಲ್ಲ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಹೊರಬಿದ್ದಾಗಲೆಲ್ಲ ಕೇಳುತ್ತಾರೆ. ಶರಾವತಿ ಕಣಿವೆಯಲ್ಲಿ ಹೊಸ ಯೋಜನೆಯ ಮಾತು ಬಂದಾಗ ಕೇಳುತ್ತಾರೆ. ಗುಡ್ಡ ಕಡಿದು ರಸ್ತೆ ಅಗಲಿಸುವಾಗಲೂ ಕೇಳುತ್ತಾರೆ. ಕೇಳುವವರು ಮಂತ್ರಿಗಳು, ಕಂಟ್ರಾಕ್ಟರುಗಳು, ರೆಸಾರ್ಟುಗಳ ಧಣಿಗಳು. ಇವರಲ್ಲಿ ಯಾರೊಬ್ಬರೂ ಎಂದೂ ಕೂಲಿ ಮಾಡಿದವರಲ್ಲ, ಕಾಡಿನಲ್ಲಿ ಒಂದು ರಾತ್ರಿ ಕಳೆದವರೂ ಅಲ್ಲ.

ನಾವು ಹೇಳುವುದು ಇಷ್ಟೆ: ಈ ಪ್ರಶ್ನೆಯೇ ಮೋಸ. ಇದನ್ನು ಕೇಳುವ ವರ್ಗ ಕಾಡನ್ನೂ ತಿಂದಿದೆ, ಕೂಲಿಯನ್ನೂ ತಿಂದಿದೆ. ಎರಡನ್ನೂ ಕಳೆದುಕೊಂಡವನ ಮುಂದೆ ನಿಂತು 'ಎರಡರಲ್ಲಿ ಒಂದು ಆರಿಸಿಕೋ' ಎನ್ನುವುದಕ್ಕೆ ಎಷ್ಟು ಗಟ್ಟಿ ಮುಖ ಬೇಕು! ಬಾಯಿಮಾತು ಸಾಕು, ಲೆಕ್ಕ ತೆಗೆಯೋಣ. ನಮ್ಮ ಓದುಗರಲ್ಲಿ ಅಂಗಡಿ ನಡೆಸುವವರು ಬಹಳ ಮಂದಿ. ಜಮಾ ಯಾವುದು, ಖರ್ಚು ಯಾವುದು ಎಂದು ಅವರಿಗೆ ಕಲಿಸಬೇಕಾಗಿಲ್ಲ.

ಮೊದಲು ಜಮಾ ನೋಡೋಣ. ಪಶ್ಚಿಮ ಘಟ್ಟವನ್ನು ಜೀವವೈವಿಧ್ಯದ 'ಹಾಟ್‌ಸ್ಪಾಟ್' ಎಂದು ಕರೆಯುವುದು ಈಗ ಭಾಷಣದ ಫ್ಯಾಶನ್ನು. ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಅದನ್ನು ಬಿರುದಿನಂತೆ ಅಚ್ಚು ಹಾಕಿಸುತ್ತಾರೆ. ಆ ಮಾತನ್ನು 1988ರಲ್ಲಿ ತಂದವನು ನಾರ್ಮನ್ ಮೈಯರ್ಸ್ ಎಂಬ ಇಂಗ್ಲೆಂಡಿನ ವಿಜ್ಞಾನಿ. ಆ ಪಟ್ಟಿಗೆ ಸೇರಲು ಎರಡು ಷರತ್ತುಗಳಿವೆ. ಬೇರೆಲ್ಲೂ ಸಿಗದ ಗಿಡಜಾತಿಗಳು ಕನಿಷ್ಠ 1,500 ಇರಬೇಕು. ಜೊತೆಗೆ ಮೂಲ ಸಸ್ಯಸಂಪತ್ತಿನ ನೂರಕ್ಕೆ ಎಪ್ಪತ್ತು ಪಾಲಾದರೂ ಆಗಲೇ ನಾಶವಾಗಿರಬೇಕು. ಅಂದರೆ ಇದು ಬಿರುದಲ್ಲ, ಆಸ್ಪತ್ರೆಯ ದಾಖಲಾತಿ ಚೀಟಿ. ಅದನ್ನು ಎದೆಗೆ ಪದಕದಂತೆ ಸಿಕ್ಕಿಸಿಕೊಂಡು ಓಡಾಡುವ ನಮ್ಮ ಮಂತ್ರಿಗಳಿಗೆ ಯಾರಾದರೂ ಎರಡನೆಯ ಷರತ್ತನ್ನು ಓದಿ ಹೇಳಬೇಕು.

ಉಳಿದ ಪಾಲಿನಲ್ಲಿ ಏನಿದೆ? ಸಿದ್ದಾಪುರದಿಂದ ಹೊನ್ನಾವರದ ಕಡೆಗೆ ಘಟ್ಟ ಇಳಿಯುವ ಸೀಮೆಯಲ್ಲಿ ಕತ್ತಲೆಕಾನು ಎಂಬ ಜಾಗವಿದೆ. ಹೆಸರೇ ಹೇಳುವಂತೆ ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ಮಬ್ಬು. ನೆಲವೆಲ್ಲ ಜೌಗು. ಅದರಲ್ಲಿ ರಾಮಪತ್ರೆಯ ಜಾತಿಯ ಮರಗಳು ಉಸಿರಾಡಲು ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಬಾಗಿಸಿ ನಿಂತಿವೆ. ಇಂಥ ಜಡ್ಡಿಗಳು ಘಟ್ಟದಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ ಉಳಿದಿವೆ. ಗೇರು ಮರದ ಕುಲಕ್ಕೆ ಸೇರಿದ, ಲೋಕಕ್ಕೆ ಗೊತ್ತೇ ಇಲ್ಲದಿದ್ದ ಮರವೊಂದನ್ನು 2000ನೇ ಇಸವಿಯಲ್ಲಿ ಇಲ್ಲಿಂದಲೇ ಗುರುತಿಸಿ ಕತ್ತಲೆಕಾನಿನ ಹೆಸರನ್ನೇ ಅದಕ್ಕೆ ಇಟ್ಟರು. 2014ರಲ್ಲಿ ಇದೇ ಸೀಮೆಯ ಹಳ್ಳಗಳಿಂದ ಒಂದು ಕಪ್ಪೆಯ ವಿಷಯ ಹೊರಬಂತು. ಹೆಣ್ಣು ನೀರಿನ ಮೇಲಿನ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತದೆ. ನಮ್ಮ ಕುಂಬಾರ ಗಡಿಗೆ ತಟ್ಟುವ ಹಾಗೆ. ಕಂಡುಹಿಡಿದವರು ಅದಕ್ಕೆ 'ಕುಂಬಾರ' ಎಂದೇ ಹೆಸರಿಟ್ಟರು. ಕಾಯಕ ಮಾಡುವ ಜಾತಿಯೊಂದರ ಹೆಸರು ಜಗತ್ತಿನ ವಿಜ್ಞಾನದ ಪುಸ್ತಕದಲ್ಲಿ ಸೇರಿತಲ್ಲ ಎಂದು ನಮಗೆ ಸಂತೋಷವಾಯಿತು.

ಇಂಥವು ಒಂದೆರಡಲ್ಲ. ಮರದ ನೆತ್ತಿಯಿಂದ ನೆತ್ತಿಗೆ ಹೋಗುವ, ನೆಲಕ್ಕಿಳಿಯುವುದೇ ಅಪರೂಪವಾದ ಸಿಂಗಳೀಕ ಪಶ್ಚಿಮ ಘಟ್ಟವನ್ನು ಬಿಟ್ಟು ಭೂಮಿಯ ಮೇಲೆ ಇನ್ನೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ಮಂಗಟ್ಟೆ ಹಕ್ಕಿ ಪೊಟರೆಯಲ್ಲಿ ಬಂದಿಯಾಗಿ ಕೂತ ಹೆಣ್ಣಿಗೂ ಮರಿಗೂ ಹಣ್ಣು ಹೊತ್ತು ತರುತ್ತದೆ, ಆ ಹಣ್ಣಿನ ಬೀಜವನ್ನು ದೂರ ಒಯ್ದು ಚೆಲ್ಲಿ ಕಾಡನ್ನೇ ಬಿತ್ತುತ್ತದೆ. ಹಳ್ಳದ ಬದಿಯ ಅಪ್ಪೆಮಿಡಿ, ಮುರುಗಲು, ಉಪ್ಪಾಗೆ, ದಾಲ್ಚಿನ್ನಿ, ಕಾಡುಮೆಣಸು, ಬೈನೆ, ಬೆತ್ತ. ನಮ್ಮ ಅಡಿಗೆಮನೆಯ ಉಪ್ಪಿನಕಾಯಿಯ ಭರಣಿ ಈ ಕಾಡಿಗೆ ಋಣಿ. 2012ರಲ್ಲಿ ಯುನೆಸ್ಕೋ ಈ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅಳಿವಿನಂಚಿನ ಕನಿಷ್ಠ 325 ಜಾತಿಯ ಗಿಡ, ಪ್ರಾಣಿಗಳು ಇಲ್ಲಿ ಆಸರೆ ಪಡೆದಿವೆ ಎಂದು ಬರೆಯಿತು.

ಇದನ್ನೆಲ್ಲ ಕಾಯ್ದವರು ಯಾರು? ಅರಣ್ಯ ಇಲಾಖೆ ಎಂದು ಶಾಲೆಯ ಪುಸ್ತಕ ಹೇಳೀತು. 1868ರಲ್ಲಿ ಬ್ರಿಟಿಷರ ಅರಣ್ಯಾಧಿಕಾರಿ ಬ್ರಾಂಡಿಸ್ ಮತ್ತು ಅವನ ಜೊತೆಗಾರ ಗ್ರಾಂಟ್ ನಮ್ಮ ಸೊರಬ ತಾಲ್ಲೂಕಿಗೆ ಬಂದು ನೋಡಿದಾಗ ಅದೊಂದೇ ತಾಲ್ಲೂಕಿನಲ್ಲಿ 171 ಕಾನುಗಳನ್ನು ಲೆಕ್ಕ ಹಾಕಿದರು. ಕಾನೆಂದರೆ ಊರಿನವರು ದೇವರ ಭಯ ಭಕ್ತಿಯಿಂದ, ನೀರಿನ ಆಸೆಯಿಂದ, ಮೆಣಸಿನ ಲಾಭದಿಂದ ತಲೆತಲಾಂತರ ಕಡಿಯದೆ ಉಳಿಸಿಕೊಂಡ ನಿತ್ಯಹಸುರಿನ ಕಾಡು. ಇಲಾಖೆ ಹುಟ್ಟುವ ಮೊದಲೇ ಕಾನಿತ್ತು. ಇಲಾಖೆ ಬಂದು ರೈತನನ್ನು ಕಾನಿನಿಂದ ಹೊರಗಟ್ಟಿದ ಮೇಲೆ ಕಾನುಗಳ ಗತಿ ಏನಾಯಿತೆಂಬುದನ್ನು ಸೊರಬದ ಮುದುಕರನ್ನು ಕೇಳಿ ನೋಡಿ.

ಈಗ ಖರ್ಚಿನ ಪುಟ. ಇದರಲ್ಲಿ ನಮ್ಮ ಗಿರಣಿ ಕಾರ್ಮಿಕ ಬಂಧುಗಳಿಗೆ ಕಹಿಯಾದ ಮಾತುಗಳಿವೆ, ಕೇಳಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಉರಿಯತೊಡಗಿದ್ದು ಕಲ್ಲಿದ್ದಲಿನಿಂದಲ್ಲ. ಸುತ್ತಲಿನ ಕಾಡು ಕಡಿದು ಸುಟ್ಟ ಇದ್ದಿಲಿನಿಂದ. ಆಮೇಲೆ ಕಾಗದದ ಸರದಿ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಗಿರಣಿ ಎದ್ದಾಗ ಸರಕಾರ ಅದಕ್ಕೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿಟ್ಟುಕೊಟ್ಟಿತು. ಹೌದು, ಓದಿದ್ದು ಸರಿಯಾಗಿದೆ, ಟನ್ನಿಗೆ 1 ರೂಪಾಯಿ 50 ಪೈಸೆ. ಅದೇ ಬಿದಿರನ್ನು ಬುಟ್ಟಿ, ಮೊರ ಹೆಣೆಯುವ ಮೇದಾರ ಪೇಟೆಯಲ್ಲಿ ಅದಕ್ಕಿಂತ ನೂರಾರು ಪಟ್ಟು ಬೆಲೆ ತೆತ್ತು ಕೊಳ್ಳಬೇಕಾಯಿತು. ಬಂಡವಾಳಗಾರನಿಗೆ ಬಿಟ್ಟಿ, ಮೇದಾರನಿಗೆ ದಂಡ. ಇದಕ್ಕೆ ಅಭಿವೃದ್ಧಿ ಎಂದು ಹೆಸರು.

ಬಿಟ್ಟಿ ಸಿಕ್ಕಿದ ಮಾಲನ್ನು ಯಾರೂ ಜೋಪಾನ ಮಾಡುವುದಿಲ್ಲ. ಹತ್ತಿರದ ಬಿದಿರು ಮುಗಿದ ಮೇಲೆ ಗಿರಣಿಗಳು ಪರರಾಜ್ಯಗಳ ಕಾಡಿಗೆ ಕೈ ಹಾಕಿದವು. ಬಿದಿರು ಯಾಕೆ ಮುಗಿಯಿತು? ಹಳ್ಳಿಯವರು ಕಳಲೆ ತಿಂದರು, ದನ ಮೇಯಿಸಿದರು, ಬೆಂಕಿ ಹಾಕಿದರು ಎಂದು ಅಧಿಕಾರಿಗಳು ವರದಿ ಬರೆದರು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ 1970ರ ದಶಕದಲ್ಲಿ ಕಾಡಿಗೇ ಹೋಗಿ ಮೆಳೆಗಳನ್ನು ಎಣಿಸಿದರು. ಬಿದಿರಿನ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆಯಷ್ಟೆ. ಅದನ್ನು ಸವರಿ ಮೆಳೆ 'ಶುಚಿ' ಮಾಡಿದರೆ ಬಿದಿರು ಚೆನ್ನಾಗಿ ಬರುತ್ತದೆಂದು ಇಲಾಖೆಯ ನಿಯಮವಿತ್ತು. ಕಂಟ್ರಾಕ್ಟರನ ಆಳು ಹಾಗೆಯೇ ಮಾಡುತ್ತಿದ್ದ. ಹಳ್ಳಿಯ ರೈತರು ಮಾತ್ರ, ಸ್ವಾಮಿ, ಮುಳ್ಳು ತೆಗೆದರೆ ಎಳೆಯ ಕಳಲೆಗೆ ಕಾವಲಿಲ್ಲ, ದನವೂ ಕಾಡುಪ್ರಾಣಿಯೂ ಬಾಯಿ ಹಾಕುತ್ತವೆ ಎಂದರು. ಎಣಿಕೆಯಲ್ಲಿ ಗೆದ್ದದ್ದು ರೈತನ ಮಾತು. ಓದು ಬರಹ ಬಾರದವನು ಹೇಳಿದ್ದನ್ನು ಒಬ್ಬ ವಿಜ್ಞಾನಿ ಬಂದು ಅಳೆದು ತೋರಿಸುವ ತನಕ ಯಾರೂ ಕಿವಿಗೊಡಲಿಲ್ಲ. ನಮ್ಮ ಆಡಳಿತದ ಇಡೀ ಚರಿತ್ರೆ ಆ ಮುಳ್ಳಿನ ಕಂತೆಯಲ್ಲಿದೆ.

ಬಿದಿರು ತೀರಿದ ಮೇಲೆ ಪರದೇಶದ ಮರ ಬಂತು, ನೀಲಗಿರಿ ಮತ್ತು ಅಕೇಶಿಯಾ. 1984ರಲ್ಲಿ ಸರಕಾರವೇ ಖಾಸಗಿ ಗಿರಣಿಯೊಂದರ ಜೊತೆ ಪಾಲುದಾರಿಕೆ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಹುಟ್ಟುಹಾಕಿತು. ಶಿವಮೊಗ್ಗ, ಧಾರವಾಡ ಮೊದಲಾದ ಜಿಲ್ಲೆಗಳ ಗೋಮಾಳ, ಗುಡ್ಡಗಳ ಸುಮಾರು 30 ಸಾವಿರ ಹೆಕ್ಟೇರನ್ನು ಅದಕ್ಕೆ ಒಪ್ಪಿಸಲು ಹೊರಟಿತು. ಜನ ಸುಮ್ಮನಿರಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ಲಿನ ಬಳಿಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತರು, ಹಣ್ಣಿನ, ಮೇವಿನ ಗಿಡ ಹಚ್ಚಿದರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಕಂಪನಿಯ ಬಾಗಿಲು ಮುಚ್ಚಿತು. ಬಡವರು ಗೆದ್ದ ಹೋರಾಟಗಳು ನಮ್ಮ ನಾಡಿನಲ್ಲಿ ಕಡಮೆ. ಇದು ಅವುಗಳಲ್ಲಿ ಒಂದು.

ಭದ್ರಾವತಿಯ ಕಾಗದದ ಕಾರ್ಖಾನೆಯ ಕಥೆ ಇನ್ನೊಂದು ಬಗೆಯದು. 1930ರ ದಶಕದಲ್ಲಿ ಹುಟ್ಟಿದ ಎಂ.ಪಿ.ಎಂ. ಎಷ್ಟೋ ಸಂಸಾರಗಳಿಗೆ ಅನ್ನ ಕೊಟ್ಟಿತು, ಇಲ್ಲವೆನ್ನಬಾರದು. ಅದಕ್ಕಾಗಿ 1980ರಲ್ಲಿ ಮಲೆನಾಡಿನ ಅರಣ್ಯಭೂಮಿಯನ್ನು 40 ವರ್ಷದ ಗೇಣಿಗೆ ಕೊಟ್ಟರು. ಕಾನಿದ್ದಲ್ಲಿ, ಹುಲ್ಲಿದ್ದಲ್ಲಿ ಅಕೇಶಿಯಾ ಎದ್ದಿತು. ಅದರ ಕೆಳಗೆ ಹುಲ್ಲು ಬೆಳೆಯುವುದು ಅಪರೂಪ, ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಸೊಪ್ಪಿಲ್ಲ. 2015ರಲ್ಲಿ ಕಾರ್ಖಾನೆಯ ಯಂತ್ರ ನಿಂತಿತು. ಕಾರ್ಮಿಕರು ಮನೆಗೆ ಹೋದರು. ಗೇಟಿನ ಎದುರು ಚಹಾ, ಬೀಡಿ, ಊಟ ಮಾರುತ್ತಿದ್ದವರು ಅಂಗಡಿ ಎತ್ತಿದರು. ಆದರೆ ಮರಗಳಿಗೆ ರಜೆ ಸಿಗಲಿಲ್ಲ. 2020ರಲ್ಲಿ ಗೇಣಿಯ ಅವಧಿ ಮುಗಿದಾಗ, ಕಾಗದದ ಒಂದು ಹಾಳೆಯೂ ಹೊರಬರದ ಕಾರ್ಖಾನೆಯ ಹೆಸರಿನಲ್ಲಿ ಸುಮಾರು 20 ಸಾವಿರ ಹೆಕ್ಟೇರಿನ ಗೇಣಿಯನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸುವ ಆದೇಶ ಹೊರಟಿತು. ಕೂಲಿ ಹೋಯಿತು, ಕಾಡು ಬರಲಿಲ್ಲ. ಕಾಡು ಬೇಕೋ ಕೂಲಿ ಬೇಕೋ ಎನ್ನುವ ಮಹನೀಯರೇ, ಭದ್ರಾವತಿಯ ಕಾರ್ಮಿಕನಿಗೆ ಇವೆರಡರಲ್ಲಿ ನೀವು ಉಳಿಸಿಕೊಟ್ಟದ್ದು ಯಾವುದು?

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆ ಇದೆ. 1951ರಲ್ಲಿ ಕಾಗೋಡಿನಲ್ಲಿ ಉಳುವವನ ಹಕ್ಕಿಗಾಗಿ ಜೈಲು ತುಂಬಿದ ಚಳವಳಿಯ ವಾರಸುದಾರರೆಂದು ಎದೆ ತಟ್ಟಿಕೊಳ್ಳುವ ನಾವು, ಭೂಮಿ ಎಂದರೆ ಗದ್ದೆ ಎಂದಷ್ಟೇ ತಿಳಿದೆವು. ಬೋನಸ್ಸಿಗಾಗಿ ಗೇಟಿನ ಮುಂದೆ ಘೋಷಣೆ ಕೂಗಿದ ಕಾರ್ಮಿಕ ಸಂಘಗಳು, ಒಳಗೆ ಬರುವ ಬಿದಿರಿನ ಲಾರಿ ಎಲ್ಲಿಂದ ಬಂತು, ನಾಳೆ ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಕೇಳಿದ್ದರೆ ಕಚ್ಚಾ ಮಾಲಿನ ಕೊರತೆಯ ನೆವ ಹೇಳಿ ಕೆಲಸ ಕಸಿಯುವ ಧಣಿಗಳಿಗೆ ಅಷ್ಟು ಸುಲಭವಾಗುತ್ತಿರಲಿಲ್ಲ.

ಇನ್ನು ಸಣ್ಣ ವ್ಯಾಪಾರಿಗಳ ಮಾತು. ಸಿರಸಿ, ಸಿದ್ದಾಪುರ, ಸಾಗರದ ಪೇಟೆಗಳಲ್ಲಿ ಮುರುಗಲ ಸಿಪ್ಪೆ, ಉಪ್ಪಾಗೆ, ರಾಮಪತ್ರೆ, ಸೀಗೆ, ಅಂಟುವಾಳ, ಜೇನು ಕೊಳ್ಳುವ ಅಂಗಡಿಗಳು ತಲೆಮಾರುಗಳಿಂದ ಇವೆ. ಉಪ್ಪಾಗೆಯ ಹುಳಿ ಬೊಜ್ಜು ಕರಗಿಸುತ್ತದೆಂದು 1990ರ ದಶಕದಲ್ಲಿ ಪರದೇಶದ ಗುಳಿಗೆ ಕಂಪನಿಗಳು ಮುಗಿಬಿದ್ದಾಗ ಬೆಲೆ ಒಮ್ಮೆಗೇ ಏರಿತು. ಅತಿಯಾಗಿ ತಿಂದವರ ಬೊಜ್ಜು ಕರಗಿಸಲು ನಮ್ಮ ಮರ ಬೋಳಾಗಬೇಕು! ಕಾಡಿನ ಉತ್ಪತ್ತಿ ಸಂಗ್ರಹಿಸುವ ಹಕ್ಕನ್ನು ಇಲಾಖೆ ಹರಾಜು ಹಾಕುತ್ತದೆ. ಹರಾಜಿನಲ್ಲಿ ಕೂಗುವ ದುಡ್ಡು ಸಣ್ಣ ಅಂಗಡಿಯವನ ಬಳಿ ಎಲ್ಲಿದೆ? ದೊಡ್ಡ ಕಂಟ್ರಾಕ್ಟರು ಹಿಡಿಯುತ್ತಾನೆ. ಮುಂದಿನ ವರ್ಷ ಅವನಿಗೇ ಸಿಗುವ ಭರವಸೆ ಇಲ್ಲದ್ದರಿಂದ ಈ ವರ್ಷವೇ ಬಾಚಿಕೊಳ್ಳುತ್ತಾನೆ. ಕೊಯ್ಯುವವನಿಗೂ ಅದೇ ಅವಸರ. ನಾನು ಬಿಟ್ಟರೆ ಇನ್ನೊಬ್ಬ ಒಯ್ಯುತ್ತಾನೆಂದು ಎಳೆಗಾಯನ್ನೇ ಉದುರಿಸುತ್ತಾನೆ, ಕೊಂಬೆಯನ್ನೇ ಕಡಿಯುತ್ತಾನೆ. ಮಳೆಗಾಲದ ಹಣ್ಣಾದ್ದರಿಂದ ಒಣಗಿಸಲು ಹೊಗೆ ಹಾಕಬೇಕು, ಅದಕ್ಕೂ ಕಾಡಿನ ಕಟ್ಟಿಗೆ. ಉಪ್ಪಾಗೆ ಸಿಂಗಳೀಕನ ಆಹಾರವೂ ಹೌದು. ಕಳ್ಳ ಯಾರು ಇಲ್ಲಿ? ಕೊಯ್ದ ಹಾಲಕ್ಕಿಯೋ, ಕರಿವೊಕ್ಕಲಿಗನೋ? ಮರಕ್ಕೆ ಒಡೆತನವನ್ನೇ ಇಲ್ಲದಂತೆ ಮಾಡಿದ ಹರಾಜಿನ ಪದ್ಧತಿಯೇ ಕಳ್ಳ.

2006ರ ಅರಣ್ಯ ಹಕ್ಕು ಕಾಯಿದೆ ಕಿರು ಉತ್ಪತ್ತಿಯ ಒಡೆತನ ಕಾಡಿನಲ್ಲಿ ಬಾಳುವವರದು ಎಂದು ಬರೆಯಿತು. ಆದರೆ ಬುಡಕಟ್ಟಿನವರಲ್ಲದ ಬಡವರು 75 ವರ್ಷದ ವಾಸಕ್ಕೆ ಪುರಾವೆ ತರಬೇಕು. ಅಜ್ಜನ ಹೆಸರಿನಲ್ಲಿ ಒಂದು ಚೀಟಿಯೂ ಇಲ್ಲದವನು ಏನು ತಂದಾನು? ನಮ್ಮ ರಾಜ್ಯದಲ್ಲಿ ಹೆಚ್ಚಿನ ಅರ್ಜಿಗಳು ತಿರಸ್ಕೃತವಾದವು. ಇತ್ತ ಜೀವವೈವಿಧ್ಯ ಕಾಯಿದೆಯನ್ನು 2023ರಲ್ಲಿ ತಿದ್ದಿ, ತಪ್ಪು ಮಾಡಿದ ಕಂಪನಿಗಳಿಗಿದ್ದ ಜೈಲಿನ ಭಯವನ್ನು ತೆಗೆದು ಬರೀ ದಂಡ ಉಳಿಸಿದರು. ಬೇರು ಕಿತ್ತ ಬಡವನಿಗೆ ಲಾಕಪ್ಪು, ಬೇರನ್ನು ಡಬ್ಬಿಗೆ ತುಂಬಿ ಮಾರುವವನಿಗೆ ರಸೀದಿ.

ಕಾಡು ಹೋದರೆ ಸಾಯುವವರು ಯಾರೆಂಬುದನ್ನೂ ನೋಡಿಬಿಡೋಣ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಜರಿದಾಗ ಮಣ್ಣಿನಡಿ ಹೋದದ್ದು ರಸ್ತೆ ಬದಿಯ ಚಹಾದಂಗಡಿಯ ಸಂಸಾರ, ಅಲ್ಲಿ ನಿಂತ ಲಾರಿ ಡ್ರೈವರುಗಳು. ಎರಡು ವಾರ ಕಳೆದು, ಜುಲೈ 30ರ ನಡುರಾತ್ರಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಹರಿದು ಬಂದಾಗ ಸತ್ತ 200ಕ್ಕೂ ಮೀರಿದ ಜನರಲ್ಲಿ ಚಹಾ ತೋಟದ ಕೂಲಿಗಳೂ ಅವರ ಮಕ್ಕಳೂ ಇದ್ದರು. ತೋಟದ ಷೇರುದಾರನೊಬ್ಬನ ಹೆಣವೂ ಆ ಹೊಳೆಯಲ್ಲಿ ತೇಲಲಿಲ್ಲ. ಸಹಜವಾದ ಕಾಡಿರುವ ಕಣಿವೆಯ ಹಳ್ಳ ಬೇಸಗೆಯಲ್ಲೂ ಹರಿಯುತ್ತದೆ, ಒಂದೇ ಜಾತಿಯ ನೆಡುತೋಪಿನ ಹಳ್ಳ ಮಳೆ ನಿಂತ ಕೆಲವೇ ತಿಂಗಳಿಗೆ ಬತ್ತುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಉತ್ತರ ಕನ್ನಡದಲ್ಲಿ ಅಳೆದು ತೋರಿಸಿದ್ದಾರೆ. ಪೇಟೆಯ ನಲ್ಲಿಯಲ್ಲಿ ನೀರು ನಿಂತರೆ ಟ್ಯಾಂಕರು ತರಿಸಿಕೊಳ್ಳುವ ಶಕ್ತಿ ಕಾರ್ಮಿಕರ ವಠಾರಕ್ಕಿಲ್ಲ.

ಇಷ್ಟಾದ ಮೇಲೂ ಜನ ಕಾಡಿನ ರಕ್ಷಣೆಯ ಮಾತಿಗೆ ಹೆದರುತ್ತಾರಲ್ಲ, ಯಾಕೆ? ಹೆದರಿಸಿದವರಿದ್ದಾರೆ. ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಯಾವ ಜಾಗ ಎಷ್ಟು ಸೂಕ್ಷ್ಮವೆಂಬ ಕೊನೆಯ ತೀರ್ಮಾನವನ್ನು ಗ್ರಾಮಸಭೆಗಳ ಅಭಿಪ್ರಾಯ ಪಡೆದೇ ಮಾಡಬೇಕು ಎಂಬುದು ಅದರ ತಿರುಳು. ದಿಲ್ಲಿ ಸರಕಾರ ಅದನ್ನು ತಿಂಗಳುಗಟ್ಟಲೆ ಬಚ್ಚಿಟ್ಟು, ಮಾಹಿತಿ ಹಕ್ಕಿನ ಹೋರಾಟದ ಒತ್ತಾಯಕ್ಕೆ 2012ರಲ್ಲಿ ಹೊರಗೆ ಬಿಟ್ಟಿತು, ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹಳ್ಳಿಗೆ ಬಂದದ್ದು ವರದಿಯಲ್ಲ, ವದಂತಿ. ಮನೆಗೆ ಬಣ್ಣ ಹಚ್ಚಬಾರದಂತೆ, ದನ ಕಟ್ಟಬಾರದಂತೆ, ಊರನ್ನೇ ಎಬ್ಬಿಸುತ್ತಾರಂತೆ ಎಂದು ಕಲ್ಲು ಗಣಿಯವರೂ ರೆಸಾರ್ಟಿನವರೂ ಹಬ್ಬಿಸಿದರು. ಆಮೇಲೆ ಕಸ್ತೂರಿರಂಗನ್ ಸಮಿತಿ 2013ರಲ್ಲಿ ಅದನ್ನು ತೆಳ್ಳಗೆ ಮಾಡಿತು. ಕರಡಿನ ಮೇಲೆ ಕರಡು ಹೊರಟು, ವಯನಾಡು ಕುಸಿದ ಮರುದಿನ ಆರನೆಯದು ಬಂತು. ಅದೇ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಜನರ ಭಾಷೆಯಲ್ಲಿ ಜನರನ್ನು ಕೇಳಿ ಎಂಬ ಒಂದೇ ಒಂದು ಕೆಲಸವನ್ನು ಬಿಟ್ಟು ಮಿಕ್ಕೆಲ್ಲವೂ ನಡೆಯಿತು.

ಇನ್ನೊಂದು ಕಡೆಯವರನ್ನೂ ಬಿಡುವಂತಿಲ್ಲ. ನಗರದಿಂದ ಕ್ಯಾಮರಾ ಹೊತ್ತು ಬರುವ, ಹುಲಿಯನ್ನು ಕಂಡು ಕಣ್ಣೀರಿಡುವ, ಕಾಡಿನಲ್ಲಿ ಮನುಷ್ಯರೇ ಇರಬಾರದು ಎನ್ನುವ ಪರಿಸರಪ್ರೇಮಿಗಳಿದ್ದಾರೆ. ಅವರ ಮನೆಯ ದೀಪ ಉರಿಯುವುದು ಲಿಂಗನಮಕ್ಕಿಯ ನೀರಿನಿಂದ. 1964ರಲ್ಲಿ ಆ ಅಣೆಕಟ್ಟು ಮುಗಿದು ಮುಳುಗಿದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಪಟ್ಟಾ ಇಲ್ಲದೆ, ಇಲಾಖೆಯ ಕಾಗದದಲ್ಲಿ 'ಒತ್ತುವರಿದಾರ'ರಾಗಿ ಕೂತಿದ್ದಾರೆ. ಹಿನ್ನೀರಿನ ಆಚೆಯವರಿಗೆ ಸಿಗಂದೂರಿನ ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ, ಅರವತ್ತೊಂದು ವರ್ಷ ಲಾಂಚಿಗೆ ಕಾದ ಮೇಲೆ. ಅದೇ ಕಣಿವೆಯಲ್ಲಿ, 2019ರಲ್ಲಿ ಸರಕಾರವೇ ಸಿಂಗಳೀಕನ ಅಭಯಾರಣ್ಯವೆಂದು ಸಾರಿದ ಜಾಗದಲ್ಲಿ, ತಲಕಳಲೆಗೂ ಗೇರುಸೊಪ್ಪೆಗೂ ನಡುವೆ ಸುರಂಗ ಕೊರೆದು ನೀರನ್ನು ಮೇಲಕ್ಕೆತ್ತಿ ಕೆಳಕ್ಕೆ ಬಿಡುವ 2,000 ಮೆಗಾವಾಟಿನ ಯೋಜನೆಯನ್ನು ಅದೇ ಸರಕಾರ ಹೂಡಿತು. ಎತ್ತುವುದಕ್ಕೆ ತಗಲುವ ವಿದ್ಯುತ್ತು ಬಿಟ್ಟಾಗ ಸಿಗುವುದಕ್ಕಿಂತ ಹೆಚ್ಚು. ಕೊರತೆಯ ಹೊತ್ತಿಗೆ ದೊಡ್ಡ ನಗರಕ್ಕೆ ದೀಪ ಒದಗಿಸುವುದು ಅದರ ಉದ್ದೇಶ. ಶೌಚದ ಗುಂಡಿ ತೋಡಿದ ಬಡವನಿಗೆ ನೋಟೀಸು ಕೊಡುವ ಕಾನೂನು ಸುರಂಗಕ್ಕೆ ದಾರಿ ಬಿಡುತ್ತದಾದರೆ, ಅದು ಕಾಡಿನ ಕಾನೂನಲ್ಲ, ಕಂಟ್ರಾಕ್ಟಿನ ಕಾನೂನು.

ನಾವು ಕೇಳುವುದು ಇವನ್ನು. ನಿಂತುಹೋದ ಕಾರ್ಖಾನೆಯ ಹೆಸರಿನ ಗೇಣಿಯನ್ನು ರದ್ದು ಮಾಡಿ ಅಕೇಶಿಯಾ ತೋಪುಗಳನ್ನು ಹಂತಹಂತವಾಗಿ ತೆಗೆಯಬೇಕು. ಆ ನೆಲದಲ್ಲಿ ಕಾನಿನ ಮರಗಳನ್ನು ಎಬ್ಬಿಸುವ ಕೆಲಸವನ್ನು ಕಂಟ್ರಾಕ್ಟರಿಗೆ ಕೊಡದೆ, ಕೆಲಸ ಕಳೆದುಕೊಂಡ ಕಾರ್ಮಿಕರಿಗೂ ಸುತ್ತಲಿನ ಊರಿನವರಿಗೂ ದಿನಗೂಲಿಯ ಮೇಲೆ ಕೊಡಬೇಕು. ಇಪ್ಪತ್ತು ಸಾವಿರ ಹೆಕ್ಟೇರಿನಲ್ಲಿ ಕಳೆ ಕೀಳುವುದಕ್ಕೂ ಸಸಿ ನೆಡುವುದಕ್ಕೂ ಎಷ್ಟು ಕೈಗಳು ಬೇಕೆಂದು ನೀವೇ ಎಣಿಸಿ. ಕಾಡಿನ ಉತ್ಪತ್ತಿಯ ಹರಾಜು ನಿಲ್ಲಬೇಕು, ಕೊಯ್ಯುವವರ ಸಹಕಾರ ಸಂಘ ಮತ್ತು ಪೇಟೆಯ ಸಣ್ಣ ವ್ಯಾಪಾರಿ ನೇರವಾಗಿ ವ್ಯವಹರಿಸಬೇಕು. ಶರಾವತಿಯ ಮುಳುಗಡೆಯವರ ಪಟ್ಟಾ ಮೊದಲು, ಹೊಸ ಸುರಂಗದ ಮಾತು ಆಮೇಲೆ. ಗಾಡ್ಗೀಳ್ ವರದಿಯನ್ನೂ ಆರನೆಯ ಕರಡನ್ನೂ ಸಂಪೂರ್ಣ ಕನ್ನಡದಲ್ಲಿ ಅಚ್ಚು ಹಾಕಿಸಿ, ಆಯಾ ಊರಿನ ಸರ್ವೆ ನಂಬರಿನ ಪಟ್ಟಿಯೊಂದಿಗೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓದುವಾಗ ತಹಸೀಲ್ದಾರರೂ ವಲಯ ಅರಣ್ಯಾಧಿಕಾರಿಗಳೂ ಎದುರಿಗೆ ಕೂತಿರಬೇಕು, ಜನ ಕೇಳಿದ ಪ್ರಶ್ನೆಗಳನ್ನು ಅಲ್ಲಿಯೇ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಮುಂದಿನ ಗ್ರಾಮಸಭೆಗೆ ನಮ್ಮ ಓದುಗರು ಹೋಗುವಾಗ ಒಂಟಿಯಾಗಿ ಹೋಗುವುದು ಬೇಡ, ಮೇದಾರರ ಕೇರಿಯವರನ್ನೂ ಕರೆದುಕೊಂಡು ಹೋಗಿ.